ನೆಲೋಗಿ ಸೀಮೆಯ ನಿವೃತ್ತಿ ಗಂಟು: ಹಾಲಿ ಸಿಕ್ಕಾದಿಂದ ಯುಎಎನ್‌ವರೆಗೆ

ದುಡಿಮೆಯ ವರ್ಷಗಳಲ್ಲಿ ಸಂಬಳದಿಂದ ತಿಂಗಳು ತಿಂಗಳು ಕಡಿತವಾಗಿ ಮುಪ್ಪಿನ ಕಾಲಕ್ಕೆಂದು ಕೂಡುವ ಹಣವು ಒಂದು ಸಂಸ್ಥೆಯ ಲೆಕ್ಕದಿಂದ ಇನ್ನೊಂದು ಸಂಸ್ಥೆಯ ಲೆಕ್ಕಕ್ಕೆ ಸಾಗುವುದು ಇಂದು ಬಹುಮಟ್ಟಿಗೆ ನೌಕರನು ಕೆಲಸ ಬದಲಿಸಿದಾಗ ನಡೆಯುವ ಕ್ರಿಯೆ. ಆದರೆ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲೂ ಅದರ ನೆರೆಯ ಅಫಜಲಪುರ, ಆಳಂದ ಸೀಮೆಗಳಲ್ಲೂ ಈ ವರ್ಗಾವಣೆಯ ಇತಿಹಾಸ ಬೇರೆ ಬಗೆಯದು. ಇಲ್ಲಿನ ಶಾಲಾ ಮಾಸ್ತರ, ತಹಸೀಲು ಕಚೇರಿಯ ಗುಮಾಸ್ತ, ಪೊಲೀಸ್ ಪೇದೆ ಇದ್ದ ಊರಿನಲ್ಲಿ ಇದ್ದ ಕೆಲಸದಲ್ಲೇ ಮುಂದುವರಿದರೂ ಅವರ ಸರ್ಕಾರ, ನಾಣ್ಯ, ಪಂಚಾಂಗ, ಕಡತದ ಭಾಷೆ ಮತ್ತು ಬ್ಯಾಂಕು ಒಂದಾದ ಮೇಲೊಂದರಂತೆ ಬದಲಾದವು. ಪ್ರತಿಯೊಂದು ಬದಲಾವಣೆಯಲ್ಲೂ ಕಾನೂನು ಹಣವನ್ನು ಕಾಪಾಡಿತು. ಆ ಹಣ ಅದರ ಒಡೆಯನ ಕೈಗೆ ಸೇರಿತೋ ಇಲ್ಲವೋ ಎಂಬುದನ್ನು ಮಾತ್ರ ದಫ್ತರದ ದಾಖಲೆ ನಿರ್ಧರಿಸಿತು.

1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಅದರ ಆಡಳಿತವೂ ಏಕರೂಪದ್ದಾಗಿರಲಿಲ್ಲ. ನೇರ ಸರ್ಕಾರಿ ಆಡಳಿತಕ್ಕೆ ಒಳಪಟ್ಟ ದಿವಾನಿ ಪ್ರದೇಶ ಒಂದೆಡೆ ಇದ್ದರೆ, ಆಳಂದ ಮತ್ತು ಅಫಜಲಪುರಗಳು ನಿಜಾಮರ ಆಪ್ತ ಸರದಾರ ಮನೆತನಗಳಿಗೆ ಸೈನ್ಯ ಪೋಷಣೆಗೆಂದು ಬಿಟ್ಟುಕೊಟ್ಟ ಪಾಯಿಗಾ ತಾಲ್ಲೂಕುಗಳಾಗಿದ್ದವು. ಮುಪ್ಪಿನ ಆಸರೆ ಎಂಬುದು ಈ ವ್ಯವಸ್ಥೆಯಲ್ಲಿ ಮೊದಮೊದಲು ಹಕ್ಕಾಗಿರದೆ ಕೃಪೆಯಾಗಿತ್ತು: ಮನ್ಸಬ್ ಎಂಬ ವಂಶಪಾರಂಪರ್ಯದ ನಗದು ಗೌರವಧನ, ದೇಶಮುಖ ದೇಶಪಾಂಡೆಯರಿಗೆ ಹಳೆಯ ಕಂದಾಯಾಧಿಕಾರದ ಬದಲಿಗೆ ಸಲ್ಲುತ್ತಿದ್ದ ರುಸೂಮು, ಸೇವೆಯಿಂದ ಬಿಡುಗಡೆಯಾದವರಿಗೆ ವಜೀಫಾ ಎಂಬ ಪಿಂಚಣಿ, ಇವೆಲ್ಲವೂ ಖಜಾನೆಯಿಂದಲೇ ಪಾವತಿಯಾಗುತ್ತಿದ್ದವು. ನೌಕರನ ಸ್ವಂತ ಸಂಬಳದ ಕಡಿತದಿಂದ ನಿಧಿಯೊಂದನ್ನು ಕಟ್ಟುವ ಆಧುನಿಕ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದಿತು. 1907ರಲ್ಲಿ ಸಂಸ್ಥಾನದ ನೌಕರರಿಗಾಗಿ ಕುಟುಂಬ ಪಿಂಚಣಿ ನಿಧಿ ಆರಂಭವಾಗಿ, 1913ರಲ್ಲಿ ಅದೇ ಹೈದರಾಬಾದ್ ರಾಜ್ಯ ಜೀವವಿಮಾ ನಿಧಿಯಾಯಿತು. ಇದಕ್ಕೂ ಮೊದಲೇ, 1891ರಲ್ಲಿ, ಮೈಸೂರು ಸಂಸ್ಥಾನವು ತನ್ನ ನೌಕರರಿಗೆ ಸರ್ಕಾರಿ ಜೀವವಿಮೆಯನ್ನು ತಂದಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಅರ್ಧ ಶತಮಾನದ ನಂತರ ಒಂದೇ ರಾಜ್ಯದ ನೌಕರರಾಗಲಿದ್ದ ಜನರಿಗೆ ಈ ಎರಡು ಸಂಸ್ಥಾನಗಳು ಬೇರೆ ಬೇರೆ ನಿಯಮಗಳ, ಬೇರೆ ಬೇರೆ ಲಿಪಿಗಳ ಲೆಕ್ಕಪುಸ್ತಕಗಳನ್ನು ತೆರೆದಿದ್ದವು.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಮೊದಲ ದೊಡ್ಡ ಪಲ್ಲಟ ನಡೆಯಿತು. 1949ರ ಆಗಸ್ಟ್ 15ರಂದು ಜಾರಿಗೆ ಬಂದ ಜಾಗೀರು ರದ್ದತಿ ನಿಯಮಾವಳಿಯಿಂದ ಪಾಯಿಗಾ ಮತ್ತು ಜಾಗೀರುಗಳ ಆಡಳಿತವು ದಿವಾನಿಯಲ್ಲಿ ಲೀನವಾಗಿ, ಆಳಂದ ಮತ್ತು ಅಫಜಲಪುರದ ಕಚೇರಿಗಳು ನೇರವಾಗಿ ರಾಜ್ಯ ಸರ್ಕಾರದ ಕಚೇರಿಗಳಾದವು. ಅದರ ಬೆನ್ನಿಗೇ ನಾಣ್ಯ ಬದಲಾಯಿತು. ಸಂಸ್ಥಾನದ ಸಂಬಳ ಮತ್ತು ಉಳಿತಾಯಗಳು ಹಾಲಿ ಸಿಕ್ಕಾ ಅಥವಾ ಉಸ್ಮಾನಿಯಾ ಸಿಕ್ಕಾ ಎಂಬ ಸ್ವಂತ ರೂಪಾಯಿಯಲ್ಲಿದ್ದು, ಜನರು ಬ್ರಿಟಿಷ್ ಭಾರತದ ರೂಪಾಯಿಯನ್ನು ಕಲ್ದಾರ್ ಎಂದು ಕರೆದು ಎರಡನ್ನೂ ಬೇರೆಯಾಗಿ ಎಣಿಸುತ್ತಿದ್ದರು. 1950ರಿಂದ ಭಾರತದ ರೂಪಾಯಿ ಜೊತೆಯಲ್ಲೇ ಚಲಾವಣೆಗೆ ಬಂದು, 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ ಎಂಬ ದರ ನಿಂತಿತು. ಅಂದರೆ 100 ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ ಸಮನಾಗಿದ್ದು, ನೌಕರನ ಹೆಸರಿನಲ್ಲಿ ಕೂಡಿದ್ದ 700 ರೂಪಾಯಿಯ ಗಂಟು ಹೊಸ ಲೆಕ್ಕದಲ್ಲಿ 600 ರೂಪಾಯಿ ಎಂದು ಬರೆಯಲ್ಪಡುತ್ತಿತ್ತು. ಮೌಲ್ಯ ಅಷ್ಟೇ ಇದ್ದರೂ ಅಂಕಿ ಇಳಿದದ್ದನ್ನು ಕಂಡ ಖಾತೆದಾರನಿಗೆ ತನ್ನ ಹಣ ಕರಗಿಲ್ಲವೆಂದು ಖಾತ್ರಿಪಡಿಸಲು ಎರಡೂ ಕಾಲದ ಲೆಕ್ಕಪತ್ರಗಳ ಹೊರತು ಬೇರೆ ಸಾಕ್ಷ್ಯವಿರಲಿಲ್ಲ.

ನಾಣ್ಯಕ್ಕಿಂತ ತೊಡಕಾದದ್ದು ಪಂಚಾಂಗ. ಹೈದರಾಬಾದಿನ ಕಡತಗಳಲ್ಲಿ ಫಸಲಿ ವರ್ಷವೇ ಅಧಿಕೃತವಾಗಿದ್ದು, ಅದು ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ಎಂಬ ತಿಂಗಳಿನಿಂದ ಆರಂಭವಾಗುತ್ತಿತ್ತು. ಆದ್ದರಿಂದ ಫಸಲಿಯನ್ನು ಕ್ರಿಸ್ತಶಕಕ್ಕೆ ತರಲು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಭಾಗಕ್ಕೆ 590ನ್ನೂ ಉಳಿದ ತಿಂಗಳುಗಳಿಗೆ 591ನ್ನೂ ಕೂಡಿಸಬೇಕು. ಜಾಗೀರು ರದ್ದತಿಯ ನಿಯಮಾವಳಿಯೇ 1358 ಫಸಲಿಯದು ಎಂದು ಕರೆಯಲ್ಪಟ್ಟಿದ್ದು ಇದೇ ಲೆಕ್ಕದಿಂದ. ಸೇವಾ ಪುಸ್ತಕದಲ್ಲಿ, ಎಂದರೆ ನೌಕರನ ನೇಮಕ, ಬಡ್ತಿ, ರಜೆಗಳನ್ನೆಲ್ಲ ಬರೆದಿಡುವ ದಾಖಲೆಯಲ್ಲಿ, ಆಜೂರ್ 1345ರಲ್ಲಿ ಹುಟ್ಟಿದವನೆಂದು ಬರೆಸಿಕೊಂಡವನು 1935ರ ಅಕ್ಟೋಬರಿನವನಾದರೆ, ಅದೇ ವರ್ಷದ ಖುರ್ದಾದ್ ತಿಂಗಳಿನವನು 1936ರ ಏಪ್ರಿಲ್‌ನವನಾಗುತ್ತಾನೆ. ತಿಂಗಳನ್ನು ನೋಡದೆ ವರ್ಷಕ್ಕೆ ಮಾತ್ರ ಒಂದೇ ಸಂಖ್ಯೆಯನ್ನು ಕೂಡಿಸಿದರೆ ನಿವೃತ್ತಿಯ ದಿನವು ಪೂರಾ ಒಂದು ವರ್ಷ ಹಿಂದೆ ಮುಂದೆ ಆಗಬಹುದಾಗಿತ್ತು. ಅದರೊಂದಿಗೆ ಅರ್ಹ ಸೇವೆಯ ಅವಧಿ, ಕೊನೆಯ ಸಂಬಳ ಮತ್ತು ಪಿಂಚಣಿಯ ಮೊತ್ತವೂ ಬದಲಾಗುತ್ತಿದ್ದವು.

ಹೆಸರಿನ ವಿಷಯದಲ್ಲೂ ಇದೇ ಸ್ಥಿತಿ. ಸಂಸ್ಥಾನದ ಆಡಳಿತ ಭಾಷೆ ಉರ್ದುವಾಗಿದ್ದು, ಕನ್ನಡ ಮಾತಾಡುವ ನೌಕರನ ಹೆಸರು ಉರ್ದು ಲಿಪಿಯಲ್ಲಿ ಇಂಥವನು ವಲ್ದ್ ಇಂಥವನು, ಎಂದರೆ ಇಂಥವನ ಮಗ, ಎಂಬ ರೂಪದಲ್ಲಿ ದಾಖಲಾಗುತ್ತಿತ್ತು. ಶರಣಪ್ಪ ವಲ್ದ್ ಭೀಮಪ್ಪ ಎಂದಿದ್ದವನು ಮುಂದಿನ ಇಂಗ್ಲಿಷ್ ಪಟ್ಟಿಯಲ್ಲಿ ಬಿ. ಶರಣಪ್ಪನಾಗಿ, ಅದರ ಮುಂದಿನ ಕನ್ನಡ ಕಡತದಲ್ಲಿ ಊರ ಹೆಸರನ್ನೇ ಅಡ್ಡಹೆಸರಾಗಿ ಪಡೆದು ಶರಣಪ್ಪ ನೆಲೋಗಿಯಾಗುವುದು ಈ ಭಾಗದ ರೂಢಿಗೆ ತಕ್ಕದ್ದೇ ಆಗಿತ್ತು. ಊರಿನವರಿಗೆ ಆ ಮೂವರೂ ಒಬ್ಬನೇ ಎಂಬುದು ತಿಳಿದಿದ್ದರೂ ದೂರದ ರಾಜಧಾನಿಯ ಲೆಕ್ಕಾಧಿಕಾರಿಗೆ ಅವರು ಮೂರು ಬೇರೆ ಬೇರೆ ಖಾತೆಗಳ ಒಡೆಯರಾಗಿ ಕಾಣುವ ಅಪಾಯವಿತ್ತು.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾಯ್ದೆಯಂತೆ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನಿವೃತ್ತಿ ಉಳಿತಾಯದ ದೃಷ್ಟಿಯಿಂದ ಈ ಸೀಮೆಯ ಇತಿಹಾಸದಲ್ಲೇ ಇದು ಅತಿ ದೊಡ್ಡ ವರ್ಗಾವಣೆ. ನೌಕರನ ಭವಿಷ್ಯ ನಿಧಿಯ ಹೊಣೆ, ಅವನನ್ನು ಯಾವ ರಾಜ್ಯಕ್ಕೆ ಕಾಯಂ ಆಗಿ ಹಂಚಲಾಗಿದೆಯೋ ಆ ರಾಜ್ಯದ್ದು ಎಂದು ಕಾಯ್ದೆ ನಿಗದಿಪಡಿಸಿತು. ಭವಿಷ್ಯ ನಿಧಿ ಎಂದರೆ ಸಂಬಳದಿಂದ ಕಡಿದು, ಬಡ್ಡಿ ಸೇರಿಸಿ, ನಿವೃತ್ತಿಯಾದಾಗ ಒಟ್ಟಿಗೆ ಕೊಡುವ ಹಣ. ಅದೇ ಕಾಯ್ದೆಯ 115ನೆಯ ಕಲಮು, ಹಂಚಿಕೆಯಾದ ನೌಕರನ ಸೇವಾ ಷರತ್ತುಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಕ್ಷಣೆ ನೀಡಿತು. ಹೀಗೆ ಹೈದರಾಬಾದಿನ ಲೆಕ್ಕದಲ್ಲಿದ್ದ ಜೇವರ್ಗಿಯ ನೌಕರನ ನಿಧಿ ಬೆಂಗಳೂರಿನ ಅಕೌಂಟೆಂಟ್ ಜನರಲ್ ಕಚೇರಿಯ ಲೆಕ್ಕಕ್ಕೆ ಬರಬೇಕಾಯಿತು. ನೆಲೋಗಿಯ ಪಶ್ಚಿಮಕ್ಕೆ ಹೊಂದಿಕೊಂಡಿರುವ ಸಿಂದಗಿ ತಾಲ್ಲೂಕು ಅಲ್ಲಿಯವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ, ನೆರೆಹೊರೆಯ ಎರಡು ಊರುಗಳ ಇಬ್ಬರು ಮಾಸ್ತರರು ಒಂದೇ ದಿನ ಒಂದೇ ರಾಜ್ಯದ ನೌಕರರಾದರೂ ಒಬ್ಬರ ಕಡತ ಮುಂಬಯಿಯ ನಿಯಮಗಳನ್ನು, ಇನ್ನೊಬ್ಬರದು ಹೈದರಾಬಾದಿನ ನಿಯಮಗಳನ್ನು ಹೊತ್ತು ಬಂದವು. ಐದು ಆಡಳಿತಗಳ ನೌಕರರನ್ನು ಒಂದುಗೂಡಿಸಿದ ಹೊಸ ರಾಜ್ಯದಲ್ಲಿ ಜ್ಯೇಷ್ಠತೆ ಮತ್ತು ಸಂಬಳಗಳ ಸಮೀಕರಣವೇ ಬಹುಕಾಲದ ವ್ಯಾಜ್ಯವಾಯಿತು. ನಿವೃತ್ತಿಯ ಲೆಕ್ಕ ಆ ಸಮೀಕರಣದ ಮೇಲೆಯೇ ನಿಂತಿತ್ತು.

ಸರ್ಕಾರಿ ಕಚೇರಿಗಳ ಹೊರಗೆ, ಕಾರ್ಖಾನೆಗಳಲ್ಲಿ, ಇದಕ್ಕೆ ಸಮಾನಾಂತರವಾದ ಇನ್ನೊಂದು ಧಾರೆ ಹರಿಯಿತು. 1952ರ ನೌಕರರ ಭವಿಷ್ಯ ನಿಧಿ ಕಾಯ್ದೆ ಮೊದಲಿಗೆ ಅನ್ವಯವಾದದ್ದು ಆರು ಉದ್ಯಮಗಳಿಗೆ: ಸಿಮೆಂಟ್, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಗುಲ್ಬರ್ಗಾ ಜಿಲ್ಲೆಯಲ್ಲಿ ಇವುಗಳ ಪೈಕಿ ಎರಡು ಆಗಲೇ ಬೇರೂರಿದ್ದವು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಸೇರಿತ್ತು. ಗುಲ್ಬರ್ಗಾ ನಗರದಲ್ಲಿ ಎಂಎಸ್‌ಕೆ ಮಿಲ್ ಎಂದು ಹೆಸರಾದ ಮೆಹಬೂಬ್ ಶಾಹಿ ಗಿರಣಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ನೂಲು ತೆಗೆಯುತ್ತಿತ್ತು. ಆರಂಭದ ವಂತಿಗೆಯ ದರ ಶೇಕಡಾ 6.25, ಅಂದರೆ ರೂಪಾಯಿಗೆ ಸರಿಯಾಗಿ ಒಂದು ಆಣೆಯಾಗಿದ್ದು, ಮಾಲೀಕನೂ ಅಷ್ಟನ್ನೇ ಕೂಡಿಸಬೇಕಾಗಿತ್ತು. ಓದುಬರಹ ಬಾರದ ಕಾರ್ಮಿಕನಿಗೂ ಬೆರಳಲ್ಲಿ ಎಣಿಸಿ ತಿಳಿಯಬಹುದಾದ ಲೆಕ್ಕ ಅದು. 1974ರಲ್ಲಿ ರೋಗಗ್ರಸ್ತ ಜವಳಿ ಗಿರಣಿಗಳ ರಾಷ್ಟ್ರೀಕರಣ ಕಾಯ್ದೆಯಡಿ ಎಂಎಸ್‌ಕೆ ಮಿಲ್ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಹಳೆಯ ಮಾಲೀಕರು ಸ್ಥಾಪಿಸಿದ್ದ ಭವಿಷ್ಯ ನಿಧಿಯಲ್ಲಿ ಮುಂದುವರಿಯುವ ಕಾರ್ಮಿಕರಿಗೆ ಸಂಬಂಧಿಸಿದ ಹಣ ನಿಗಮಕ್ಕೆ ವರ್ಗವಾಗತಕ್ಕದ್ದು ಎಂದು ಆ ಕಾಯ್ದೆ ಸ್ಪಷ್ಟವಾಗಿ ಹೇಳಿದ್ದು, ದಿವಾಳಿಯಾದ ಮಾಲೀಕನ ಸಾಲಗಳೊಂದಿಗೆ ಕಾರ್ಮಿಕನ ಉಳಿತಾಯ ಮುಳುಗದಂತೆ ಕಾಯುವ ಉದ್ದೇಶದಿಂದ.

ಹಣ ಪಾವತಿಯಾಗುವ ಬ್ಯಾಂಕುಗಳ ಕಥೆಯೂ ಇದೇ ಹಾದಿಯದು. ನಿಜಾಮ್ ಸರ್ಕಾರ 1941ರಲ್ಲಿ ಸ್ಥಾಪಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು 1956ರಲ್ಲಿ ರಿಸರ್ವ್ ಬ್ಯಾಂಕಿನ ಅಧೀನಕ್ಕೆ ಬಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು, 1959ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಸಹಬ್ಯಾಂಕಾಯಿತು, 2017ರ ಏಪ್ರಿಲ್ 1ರಂದು ಅದರಲ್ಲೇ ವಿಲೀನವಾಯಿತು. ಎಸ್‌ಬಿಎಚ್ ಎಂದೇ ಈ ಭಾಗದವರ ಬಾಯಲ್ಲಿ ನಿಂತಿದ್ದ ಬ್ಯಾಂಕಿನ ಪಿಂಚಣಿದಾರರ ಪಾಸ್‌ಬುಕ್ಕಿನಲ್ಲಿ ಶಾಖೆಯ ಸಂಕೇತದ ಮೊದಲ ನಾಲ್ಕು ಅಕ್ಷರಗಳು ಬದಲಾದವು. ಗುಲ್ಬರ್ಗಾದಲ್ಲೇ ಕೇಂದ್ರ ಕಚೇರಿ ಹೊಂದಿ 1978ರಲ್ಲಿ ಆರಂಭವಾದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಗಿ, 2019ರಲ್ಲಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ, 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಈ ಬ್ಯಾಂಕುಗಳ ನೌಕರರ ಸ್ವಂತ ನಿವೃತ್ತಿ ಹಣವೂ ಸ್ಥಳಾಂತರಗೊಂಡಿತು: ಭವಿಷ್ಯ ನಿಧಿ ಸಂಘಟನೆಯ ಕಿರು ಪಿಂಚಣಿಗಷ್ಟೇ ಅರ್ಹರಾಗಿದ್ದ ದೇಶದ ಗ್ರಾಮೀಣ ಬ್ಯಾಂಕ್ ನೌಕರರಿಗೆ ರಾಷ್ಟ್ರೀಕೃತ ಬ್ಯಾಂಕುಗಳಿಗೆ ಸಮನಾದ ಪಿಂಚಣಿ ಸಲ್ಲಬೇಕೆಂಬ ವಾದವನ್ನು 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ನಿವೃತ್ತರು ತಾವು ಹಿಂದೆ ಪಡೆದಿದ್ದ ಬ್ಯಾಂಕಿನ ಪಾಲಿನ ಭವಿಷ್ಯ ನಿಧಿಯನ್ನು ಮರಳಿ ಕಟ್ಟಿ ಪಿಂಚಣಿ ಯೋಜನೆಯನ್ನು ಸೇರುವ ಅವಕಾಶ ಬಂದಿತು.

ನೆಲೋಗಿಯಲ್ಲೇ ಹುಟ್ಟಿದ ಎನ್. ಧರ್ಮಸಿಂಗ್ ಅವರು 2004ರ ಮೇಯಿಂದ 2006ರ ಫೆಬ್ರುವರಿ ಆರಂಭದವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಅವರ ಸರ್ಕಾರ ಹೋದ ಎರಡು ತಿಂಗಳೊಳಗೆ, 2006ರ ಏಪ್ರಿಲ್ 1ರಿಂದ, ಕರ್ನಾಟಕದಲ್ಲಿ ಹೊಸದಾಗಿ ಸೇವೆಗೆ ಸೇರುವವರಿಗೆ ನಿಶ್ಚಿತ ಪಿಂಚಣಿಯ ಬದಲು ಎನ್‌ಪಿಎಸ್ ಎಂಬ ವಂತಿಗೆ ಆಧಾರಿತ ಯೋಜನೆ ಅನ್ವಯವಾಯಿತು. ಇದರಲ್ಲಿ ನೌಕರ ಮತ್ತು ಸರ್ಕಾರ ಕಟ್ಟಿದ ಹಣವನ್ನು ಪಿಂಚಣಿ ನಿಧಿ ಸಂಸ್ಥೆಗಳು ಹೂಡಿಕೆ ಮಾಡುತ್ತವೆ, ಅದರ ಫಲದ ಮೇಲೆ ಮುಪ್ಪಿನ ಆದಾಯ ನಿಂತಿರುತ್ತದೆ. ಆ ದಿನಾಂಕಕ್ಕೆ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟಿದ್ದರೂ ಆಡಳಿತದ ವಿಳಂಬದಿಂದ ತಡವಾಗಿ ಸೇರಿದ ನೌಕರರು ಹೊಸ ಯೋಜನೆಯ ಪಾಲಾದದ್ದು ಅನ್ಯಾಯವೆಂಬ ಕೂಗು ದೀರ್ಘಕಾಲ ಎದ್ದು, 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಂಥವರಿಗೆ ಹಳೆಯ ಪಿಂಚಣಿಯ ಆಯ್ಕೆಯನ್ನು ಕೊಟ್ಟಿತು. ಇಲ್ಲಿ ನಿರ್ಣಾಯಕವಾದದ್ದು ಮತ್ತೆ ಕಡತದ ಮೇಲಿನ ಒಂದು ದಿನಾಂಕವೇ.

ಇಂದು ಈ ಸೀಮೆಯಲ್ಲಿ ಹಳೆಯ ಕ್ರಮ ತಿರುವುಮುರುವಾಗಿದೆ: ಸಂಸ್ಥೆಗಳಿಗಿಂತ ಹೆಚ್ಚಾಗಿ ಜನರೇ ಚಲಿಸುತ್ತಿದ್ದಾರೆ. ಭೀಮಾ ತೀರದ ಮಳೆಯಾಶ್ರಿತ ಹೊಲಗಳನ್ನು ಬಿಟ್ಟು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವವರು ಗುತ್ತಿಗೆದಾರ ಬದಲಾದಂತೆಲ್ಲ ಹೊಸ ಭವಿಷ್ಯ ನಿಧಿ ಸಂಖ್ಯೆಯನ್ನು ಪಡೆದು ಹಳೆಯದನ್ನು ಮರೆಯುತ್ತಿದ್ದರು. 2014ರಲ್ಲಿ ಬಂದ ಯುಎಎನ್, ಎಂದರೆ ಎಷ್ಟು ಕಡೆ ಕೆಲಸ ಮಾಡಿದರೂ ಒಬ್ಬ ನೌಕರನಿಗೆ ಜೀವಮಾನವಿಡೀ ಒಂದೇ ಸಂಖ್ಯೆ ಎಂಬ ವ್ಯವಸ್ಥೆ, ಈ ಚದುರಿಕೆಗೆ ಮದ್ದಾಗಿ ಬಂದಿತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಒಂದು ಕಡೆ 6 ವರ್ಷ, ಇನ್ನೊಂದು ಕಡೆ 5 ವರ್ಷ ದುಡಿದವನು ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಂಡರೆ 11 ವರ್ಷವಾಗಿ ಪಿಂಚಣಿದಾರನಾಗುತ್ತಾನೆ, ಮೊದಲಿನ ಹಣವನ್ನು ಪಿಂಚಣಿಯ ಪಾಲಿನೊಂದಿಗೆ ಬಿಡಿಸಿಕೊಂಡರೆ ಆ 6 ವರ್ಷಗಳು ಲೆಕ್ಕದಿಂದ ಅಳಿದುಹೋಗುತ್ತವೆ. ವರ್ಗಾವಣೆಗೆ ಆಧಾರ್‌ನ ಹೆಸರು, ಜನ್ಮದಿನಾಂಕಗಳು ಖಾತೆಯವುಗಳೊಂದಿಗೆ ತಾಳೆಯಾಗಬೇಕು. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದ ತಲೆಮಾರಿನ ಮಕ್ಕಳಿಗೆ, ಊರ ಹೆಸರನ್ನು ಕೆಲವೆಡೆ ಸೇರಿಸಿ ಕೆಲವೆಡೆ ಬಿಟ್ಟವರಿಗೆ, ಈ ತಾಳೆ ಸುಲಭವಲ್ಲ.

ಈ ಎಲ್ಲ ಘಟ್ಟಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. 1956ರ ಕಾಯ್ದೆಯಾಗಲಿ 1974ರ ಕಾಯ್ದೆಯಾಗಲಿ ಹಣದ ಹೊಣೆ ಯಾರದ್ದೆಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದವು. ಆದರೆ ಒಂದು ಲಿಪಿಯ, ಒಂದು ಪಂಚಾಂಗದ ದಾಖಲೆಯನ್ನು ಇನ್ನೊಂದಕ್ಕೆ ತರುವಾಗ ಆಗುವ ತಪ್ಪನ್ನು ಸಾಬೀತುಪಡಿಸುವ ಭಾರವನ್ನು ಪ್ರತಿ ಬಾರಿಯೂ ಹೊತ್ತವನು ವಯಸ್ಸಾದ ಖಾತೆದಾರನೇ. ಸಂಸ್ಥಾನವನ್ನು ವಿಭಜಿಸಿದ್ದು, ನಾಣ್ಯವನ್ನು ಹಿಂತೆಗೆದದ್ದು, ಬ್ಯಾಂಕನ್ನು ವಿಲೀನಗೊಳಿಸಿದ್ದು ಅವನ ನಿರ್ಧಾರವಾಗಿರಲಿಲ್ಲ. ಆದ್ದರಿಂದ ಸಂಸ್ಥೆಯೊಂದು ತನ್ನ ಲೆಕ್ಕವನ್ನು ಇನ್ನೊಂದಕ್ಕೆ ಒಪ್ಪಿಸುವಾಗ ಹಣದೊಂದಿಗೆ ಮೂಲ ದಾಖಲೆಯನ್ನೂ ಒಪ್ಪಿಸಿ, ಖಾತೆದಾರನಿಗೆ ಅದರ ಪ್ರತಿಯನ್ನು ಅವನ ಭಾಷೆಯಲ್ಲೇ ಕೊಟ್ಟು, ಹೆಸರು ಮತ್ತು ದಿನಾಂಕಗಳ ತಾಳೆಯನ್ನು ಅವನು ಸೇವೆಯಲ್ಲಿರುವಾಗಲೇ ಮುಗಿಸುವುದು ಸಂಸ್ಥೆಯ ಕರ್ತವ್ಯವಾಗಬೇಕು. ನೆಲೋಗಿ ಸೀಮೆಯ ಏಳು ದಶಕಗಳ ಅನುಭವ ಕಲಿಸುವ ಪಾಠ ಇದು. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಇಂದು ದುಡಿಯುತ್ತಿರುವ ಜೇವರ್ಗಿಯ ಯುವಕನು 58ನೆಯ ವಯಸ್ಸಿನಲ್ಲಿ ಪಿಂಚಣಿ ಕೇಳಲು ಹೋದಾಗ, ಆ ಪಾಠವನ್ನು ಕಲಿತಿದ್ದೇವೆಯೋ ಇಲ್ಲವೋ ಎಂಬುದಕ್ಕೆ ಅವನ ಕಡತವೇ ಉತ್ತರ ಹೇಳುತ್ತದೆ.