ಹೊಲದಾಗ ಸಿಕ್ಕ ಕಲ್ಲು ಯಾರದು? ಉಮರ್ಗಾ, ನಿಲಂಗಾ, ಉದಗೀರ ಗಡಿಯ ಒಂದು ಅವಲೋಕನ

ಧ್ವನಿ ಕೇಳಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾದಿಂದ ಚಾಲುಕ್ಯರ ಕಲ್ಯಾಣ ದೂರವೇನಲ್ಲ. ಹೀಗಾಗಿ ಈ ಭಾಗದಲ್ಲಿ ಕನ್ನಡ ಶಾಸನ ಸಿಕ್ಕರೆ ಅದು ಆಶ್ಚರ್ಯವಲ್ಲ. ತೊಡಕು ಏನಂದ್ರೆ, ಊರಿನ ಶಾಲೆ ಮರಾಠಿ. ಕಲ್ಲಿನ ಅಕ್ಷರ ಹಳಗನ್ನಡ.

ಜನಸಾಮಾನ್ಯರು ಇತಿಹಾಸವನ್ನು ಉಳಿಸಬಲ್ಲರು ಎಂಬುದಕ್ಕೆ ಉಮರ್ಗಾ ಇರುವ ಧಾರಾಶಿವ ಜಿಲ್ಲೆಯಲ್ಲೇ ಸಾಕ್ಷಿ ಇದೆ. ತೇರ ಗ್ರಾಮವೇ ‘ಪೆರಿಪ್ಲಸ್’ ಹೇಳುವ ತಗರ. ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡ ಊರು. ಅಲ್ಲಿ ಸಿಕ್ಕ ಮಣಿ, ನಾಣ್ಯ, ಸುಟ್ಟ ಮಣ್ಣಿನ ಗೊಂಬೆಗಳನ್ನು ಊರಿನವರೇ ಆದ ರಾಮಲಿಂಗಪ್ಪ ಲಾಮತುರೆಯವರು ಸಾವಿರಗಟ್ಟಲೆ ಕೂಡಿಹಾಕಿದರು. ತೇರದ ದಂತದ ಸ್ತ್ರೀಮೂರ್ತಿಯನ್ನು ವಿದ್ವಾಂಸರು ಇಟಲಿಯ ಪಾಂಪೆಯಲ್ಲಿ 1938ರಲ್ಲಿ ಸಿಕ್ಕ ಮೂರ್ತಿಯೊಂದಿಗೆ ಹೋಲಿಸುತ್ತಾರೆ. ಇಂದು ಅಲ್ಲಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಲಾಮತುರೆಯವರದೇ ಹೆಸರು.

ಆದರೆ ವಸ್ತು ಉಳಿದರಷ್ಟೇ ಸಾಲದು, ಅದು ಸಿಕ್ಕ ಜಾಗವೂ ದಾಖಲಾಗಬೇಕು. ಬ್ರಿಟನ್ನಿನಲ್ಲಿ 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಮಾಡುವುದು ಇದನ್ನೇ. ಸಿಕ್ಕವರು ತಂದು ತೋರಿಸ್ತಾರೆ, ಅಧಿಕಾರಿ ಜಾಗ ಬರೆದುಕೊಳ್ತಾರೆ, ಸಾಮಾನ್ಯ ವಸ್ತುವಾದರೆ ವಾಪಸ್ ಕೊಡ್ತಾರೆ. ನಮ್ಮಲ್ಲಿ 1878ರ ನಿಧಿ ಕಾಯ್ದೆ ಇದೆ: ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಸಿಕ್ಕವರಿಗೆ ಪಾಲೂ ಉಂಟು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು “ಸರಕಾರ ಒಯ್ತದ” ಎಂಬ ಅಂಜಿಕೆ ಮಾತ್ರ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ವಿದ್ಯಾರ್ಥಿಯಾಗಿದ್ದಾಗ ನಿಲಂಗಾ ಕಡೆಯ ಹೊಲವೊಂದರಲ್ಲಿ ಮುದುಕರೊಬ್ಬರು ಬದುವಿನ ಕಲ್ಲು ತೋರಿಸಿ, “ಏನ್ ಬರ್ದಾರ ತಮ್ಮಾ? ಹೊನ್ನಿನ ಗುರ್ತೇನು?” ಅಂದ್ರು. “ದಾನದ ಶಾಸನ ಕಾಕಾ, ಮತ್ತೆ ಬಂದು ಓದ್ತೀನಿ” ಅಂದು ಮೇಲಿನ ನಾಲ್ಕು ಸಾಲಿನ ಫೋಟೋ ತೆಗೆದು ಬಂದೆ. ಮೂರು ವರ್ಷ ಬಿಟ್ಟು ಹೋದಾಗ ಕಲ್ಲು ಒಡೆದಿತ್ತು. ಯಾರೋ ಕೆಳಗೆ ಹೊನ್ನು ಹುಡುಕಿದ್ದರು. ಯಾರು, ಯಾರಿಗೆ, ಎಷ್ಟು ಭೂಮಿ ಕೊಟ್ಟರೆಂಬ ಸಾಲುಗಳು ಹೋದವು. ಕಾಕಾ ಬೈಯಲಿಲ್ಲ. “ನೀ ಅವತ್ತೇ ಊರಾಗ ಓದಿ ಹೇಳಿದ್ರ ಯಾರೂ ಮುಟ್ತಿರಲಿಲ್ಲ” ಅಂದ್ರು.

ಅಂದಿನಿಂದ ನನ್ನ ಕ್ಷೇತ್ರಕಾರ್ಯದ ಕ್ರಮ ಬದಲಾಯಿತು. ಮೊದಲು ಗಟ್ ನಂಬರ್ ಬರೆದುಕೊಳ್ಳುತ್ತೇನೆ, ಆಮೇಲೆ ಇಡೀ ಕಲ್ಲಿನ ಫೋಟೋ. ಹೊರಡುವ ಮುನ್ನ ತಿಳಿದಷ್ಟನ್ನು ಮರಾಠಿಯಲ್ಲೂ ಕನ್ನಡದಲ್ಲೂ ಊರಿನವರ ಮುಂದೆ ಓದಿ ಹೇಳುತ್ತೇನೆ. ನನ್ನ ಲೇಖನ ಅಚ್ಚಾಗುವತನಕ ಆ ಕಲ್ಲು ಕಾಯೋರು ಅವರೇ ಅಲ್ವಾ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ.