ತೋಡೂರಿನ ಮನೆಗಳೂ ಅನುಕರ್ಮವಿಧಿಯೂ

ಸಂಸ್ಕೃತದಲ್ಲಿ ‘ಸುಧಾ’ ಶಬ್ದಕ್ಕೆ ಅಮೃತವೆಂದೂ ಸುಣ್ಣವೆಂದೂ ಎರಡು ಅರ್ಥಗಳುಂಟು. ಸುಧೆಯಿಂದ ಲೇಪಿತವಾದುದೇ ‘ಸೌಧ’. ಕಲ್ಲು ಮರಗಳಿಂದ ನಿಂತ ಭವನಕ್ಕೆ ಅವುಗಳ ಹೆಸರು ಬಾರದೆ, ಕಟ್ಟಕಡೆಗೆ ಬಳಿದ ಸುಣ್ಣದ ಹೆಸರು ಬಂದಿರುವುದು ವಿಚಾರಾರ್ಹವಾಗಿದೆ. ಪೂರ್ವಿಕರು ಲೇಪವನ್ನು ಕೇವಲ ಅಲಂಕಾರವೆಂದೆಣಿಸದೆ ಮನೆಯ ಅಂಗವೆಂದೇ ಭಾವಿಸಿದ್ದರೆಂಬುದು ಇದರಿಂದ ಊಹ್ಯವಾಗುತ್ತದೆ. ಕನ್ನಡದಲ್ಲಿ ‘ಸುಣ್ಣ’ವು ‘ಚೂರ್ಣ’ದ ತದ್ಭವ, ‘ಇಟ್ಟಿಗೆ’ಯು ‘ಇಷ್ಟಿಕಾ’ ಎಂಬುದರ ತದ್ಭವ. ಕಲ್ಲು, ಮರ, ಮಣ್ಣು, ಕಾವಿ ಎಂಬಿವಾದರೋ ದೇಶ್ಯಗಳು. ಮನೆ ಕಟ್ಟುವವನ ಪದಕೋಶದಲ್ಲಿಯೇ ಶಾಸ್ತ್ರವೂ ದೇಶವೂ ಕೂಡಿಕೊಂಡಿವೆ. ಹಳೆಯ ಮನೆಯನ್ನು ದುರಸ್ತಿಮಾಡುವಾಗ ಈ ಎರಡರಲ್ಲಿ ಯಾವುದನ್ನು ಅನುಸರಿಸತಕ್ಕದ್ದೆಂಬ ಪ್ರಶ್ನೆಗೆ ಕಾರವಾರ ಸೀಮೆಯ ತೋಡೂರು ಒಳ್ಳೆಯ ಉದಾಹರಣೆ.

ಕಾರವಾರಕ್ಕೂ ಅಂಕೋಲೆಗೂ ನಡುವಣ ಕರಾವಳಿಯಲ್ಲಿ ಈ ಗ್ರಾಮವಿದೆ. ಒಂದು ಕಡೆ ಸಮುದ್ರ, ಮತ್ತೊಂದು ಕಡೆ ಸಹ್ಯಾದ್ರಿಯ ತಪ್ಪಲು. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಭಾಗ ನಾಲ್ಕೇ ತಿಂಗಳುಗಳಲ್ಲಿ ಸುರಿಯುವುದು. ಇಲ್ಲಿಯ ಗೋಡೆಗೆ ನೆಲವೇ ಕೊಟ್ಟ ದ್ರವ್ಯ ಚಿರೇಕಲ್ಲು. ನೆಲದಿಂದ ಕಡಿದೆತ್ತುವಾಗ ಮೆತ್ತಗಿದ್ದು, ಗಾಳಿ ತಾಕಿದಂತೆ ಗಟ್ಟಿಯಾಗುವುದು ಅದರ ಗುಣ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು 1800ರಲ್ಲಿ ಮಲೆಯಾಳ ದೇಶದಲ್ಲಿ ಈ ಕಲ್ಲನ್ನು ಪರಿಶೀಲಿಸಿ, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯ ‘ಲ್ಯಾಟೆರ್’ ಎಂದರೆ ಇಟ್ಟಿಗೆ. ಕಲ್ಲೆಂದು ನಮ್ಮವರು ಕರೆದುದನ್ನು ಅವನು ಇಟ್ಟಿಗೆಯೆಂದು ಕಂಡನು. ಈ ಕಲ್ಲು ರಂಧ್ರಮಯವಾದುದು; ನೀರನ್ನು ಹೀರುವುದು, ಬಿಸಿಲಿಗೆ ಬಿಡುವುದು. ಮುಂದೆ ಹೇಳುವ ವಿಚಾರಕ್ಕೆಲ್ಲ ಈ ಗುಣವೇ ಮೂಲ.

ಈ ಕಲ್ಲಿಗೆ ತಕ್ಕ ಲೇಪವನ್ನು ಕರಾವಳಿಯೇ ಒದಗಿಸಿತು. ಅಳಿವೆಗಳ ಚಿಪ್ಪುಗಳನ್ನು ಸುಟ್ಟು, ನೀರು ಹಾಕಿ ಅರಳಿಸಿದರೆ ಸುಣ್ಣ. ಅದಕ್ಕೆ ಮರಳನ್ನೂ ಬೆಲ್ಲದ ನೀರನ್ನೂ ಕೂಡಿಸಿ ಅರೆದರೆ ಗಾರೆ. ಗೋಡೆಗೆ ಬಿದ್ದ ಸುಣ್ಣವು ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಹೀರಿಕೊಂಡು ಪುನಃ ಕಲ್ಲಾಗುವುದು. ಆದರೂ ಗೋಡೆಯ ತೇವ ಹೊರಬೀಳಲು ಎಡೆಗೊಡುವುದು. ಇದರ ಮೇಲೆ ಬೆಳೆದುದೇ ಗೋವೆಯಿಂದ ತೆಂಕಣ ಕರಾವಳಿಯವರೆಗೆ ಪ್ರಸಿದ್ಧವಾದ ಕಾವಿಯ ಕಲೆ. ಬಿಳಿಯ ಗಾರೆಯ ಮೇಲೆ ಕಾವಿಮಣ್ಣು ಬೆರೆತ ಸುಣ್ಣದ ತೆಳುಪದರವನ್ನು ಹರಡಿ, ಅದು ಆರುವ ಮೊದಲೇ ಮೊನೆಯಾದ ಉಪಕರಣದಿಂದ ಕೆರೆದರೆ ಕೆಳಗಿನ ಬಿಳುಪು ಚಿತ್ರವಾಗಿ ತೋರುವುದು. ಬಣ್ಣವು ಸುಣ್ಣದೊಡನೆ ಏಕೀಭವಿಸುವುದರಿಂದ ಮಳೆಗೂ ಸುಲಭವಾಗಿ ಕಳಚದು. ಹೊನ್ನಾವರದಲ್ಲಿ ಜನಿಸಿದ ಡಾ. ಕೃಷ್ಣಾನಂದ ಕಾಮತರು (1934–2002) ಇದರ ಅಳಿದುಳಿದ ನಿದರ್ಶನಗಳನ್ನು ಛಾಯಾಚಿತ್ರಗಳಲ್ಲಿ ಸಂಗ್ರಹಿಸಿದರು. ಹಲವು ಚಿತ್ರಗಳು ಕಾಲವಶದಿಂದಲ್ಲ, ಜೀರ್ಣೋದ್ಧಾರದ ಹೆಸರಿನಲ್ಲಿಯೇ ನಷ್ಟವಾದುವೆಂಬುದು ವಿಷಾದಕರ.

ಶಾಸ್ತ್ರಕಾರರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಬೇಲದ ಎಳಗಾಯಿ, ಬೂರುಗದ ಹೂ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವಂತೆ ಕಾಸಲು ವಿಧಿಸಿದ್ದಾನೆ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚಿತ್ರಭಿತ್ತಿಯ ಲೇಪವಿಧಿಯಿದೆ. ಚಾವುಂಡರಾಯನ ಲೋಕೋಪಕಾರವು ಸುಮಾರು ಕ್ರಿ. ಶ. 1025ರಲ್ಲಿಯೇ ವಾಸ್ತುವಿಚಾರವನ್ನು ಕನ್ನಡಕ್ಕೆ ತಂದಿತು. ಆದರೆ ಪ್ರಕೃತಕ್ಕೆ ಅತ್ಯಂತ ಉಪಯುಕ್ತವಾದುದು ಮಯಮತದ 35ನೆಯ ಅಧ್ಯಾಯವಾದ ಅನುಕರ್ಮವಿಧಾನ. ಲಕ್ಷಣಗಳು ಇನ್ನೂ ಗೋಚರವಾಗಿರುವ ಕಟ್ಟಡವನ್ನು ಅದರ ಸ್ವದ್ರವ್ಯದಿಂದಲೇ, ಮೊದಲಿನ ಪ್ರಮಾಣಕ್ಕೂ ಆಕಾರಕ್ಕೂ ವಿರೋಧವಿಲ್ಲದಂತೆ, ಬಲ್ಲವರ ಸಮ್ಮತಿಯಿಂದ ಸರಿಪಡಿಸಬೇಕೆಂಬುದು ಅದರ ತಾತ್ಪರ್ಯ.

ಈ ವಿಧಿ ದೇವಾಲಯಗಳಿಗೆ ಹೇಳಿದುದು, ಸಾಮಾನ್ಯರ ಮನೆಗಳಿಗೆ ಸಲ್ಲದೆಂದು ಆಕ್ಷೇಪಿಸಬಹುದು. ವಿಧಿಯ ಅಕ್ಷರ ಸಲ್ಲದಿದ್ದರೂ ಅದರ ಹೇತು ಸಲ್ಲುವುದೆಂಬುದನ್ನು ಅನುಭವವೇ ತೋರಿಸುತ್ತದೆ. 1824ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಕಾಲಕ್ರಮದಲ್ಲಿ ಈ ಕರಾವಳಿಗೂ ಬಂದು ಸುಣ್ಣದ ಸ್ಥಾನವನ್ನಾಕ್ರಮಿಸಿತು. ಹೊಸ ಗೋಡೆಗೆ ಅದು ಉಪಕಾರಿಯಾದರೂ, ನೀರು ಹೀರುವ ಹಳೆಯ ಚಿರೇಕಲ್ಲಿಗೆ ಹೊರಗಿನಿಂದ ಬಿಗಿಯಾದ ಸಿಮೆಂಟನ್ನೂ ಅದರ ಮೇಲೆ ಎಣ್ಣೆಬಣ್ಣವನ್ನೂ ಬಳಿದರೆ, ನೆಲದಿಂದ ಏರಿದ ತೇವಕ್ಕೆ ಹೊರದಾರಿಯಿಲ್ಲದಾಗುವುದು. ಲವಣವು ಒಳಗೇ ಹರಳುಗಟ್ಟಿ ಗಾರೆ ಉಬ್ಬಿ ಉದುರುವುದು. ಆದುದರಿಂದ ಸ್ವದ್ರವ್ಯದ ನಿಯಮವು ಕುರುಡು ಸಂಪ್ರದಾಯವಲ್ಲ.

ಹೊಸತೆಲ್ಲವೂ ತ್ಯಾಜ್ಯವೆಂದು ಇದರ ಅರ್ಥವಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಹುಲ್ಲಿನ ಹೊದಿಕೆಗೂ ನಾಡಹಂಚಿಗೂ ಬದಲಾಗಿ ಮಂಗಳೂರು ಹಂಚು ಕರಾವಳಿಯಲ್ಲಿ ಹರಡಿತು. ಇಳಿಜಾರಾದ ಮಾಡು, ಮುಂಚಾಚಿದ ಸೂರು ಎಂಬ ಹಳೆಯ ಕ್ರಮಕ್ಕೆ ಅದು ಹೊಂದಿಕೊಂಡಿತು, ಆದುದರಿಂದ ನಿಂತಿತು. ದ್ರವ್ಯವು ಪರದೇಶದ ವಿದ್ಯೆಯಿಂದ ಬಂದುದೆಂಬುದು ದೋಷವಲ್ಲ. ಗೋಡೆಯೊಡನೆ ವಿರೋಧಿಸಿದರೆ ದೋಷ.

ತೋಡೂರಿನ ಇತ್ತೀಚಿನ ಚರಿತ್ರೆ ಈ ವಿಚಾರಕ್ಕೆ ಗಾಂಭೀರ್ಯವನ್ನು ಕೊಟ್ಟಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಕಡಲ ತಡಿಯ ಮನೆಗಳನ್ನು ಬಿಡಬೇಕಾಯಿತು; ನಿರಾಶ್ರಿತರಿಗೆ ನೆಲೆಯಾದ ಊರುಗಳಲ್ಲಿ ತೋಡೂರೂ ಒಂದು. ಬಾಗಿಲು, ತೊಲೆ, ಹಂಚುಗಳನ್ನು ಬೇರೆಡೆಗೆ ಸಾಗಿಸಬಹುದು. ಗೋಡೆಯನ್ನೂ ಅದರ ಮೇಲಣ ಲೇಪವನ್ನೂ ಹೊತ್ತು ತರಲಾಗದು. ಹೀಗೆ ಬಿಟ್ಟುಬಂದವರ ಊರಿನಲ್ಲಿ ನಿಂತಿರುವ ಒಂದೊಂದು ಹಳೆಯ ಗೋಡೆಯೂ ಕಳೆದುಹೋದ ಹಲವಕ್ಕೆ ಸಾಕ್ಷಿಯಾಗಿದೆ.

ಆದಕಾರಣ ಅಂತಹ ಮನೆಯ ಅನುಕರ್ಮಕ್ಕೆ ಕ್ರಮವೊಂದು ಸಿದ್ಧವಾಗುತ್ತದೆ: ಮೊದಲು ಮಾಡಿನ ಸೋರುವಿಕೆಯನ್ನು ನಿಲ್ಲಿಸತಕ್ಕದ್ದು, ಅನಂತರ ತಳಪಾಯದಿಂದ ನೀರು ದೂರ ಹರಿಯುವಂತೆ ಮಾಡತಕ್ಕದ್ದು, ಗೋಡೆಗೆ ಒಂದು ಬೇಸಗೆ ಪೂರ್ತಿ ಆರಲು ಅವಕಾಶ ಕೊಡತಕ್ಕದ್ದು, ಶಿಥಿಲವಾದ ಕಲ್ಲನ್ನು ಅದೇ ಜಾತಿಯ ಕಲ್ಲಿನಿಂದ ತುಂಬಿ, ಆಮೇಲೆ ಸುಣ್ಣದ ಗಾರೆ, ಕಡೆಯಲ್ಲಿ ಬಣ್ಣ. ಜನರು ಮೊದಲು ಆರಿಸುವುದು ಬಣ್ಣವನ್ನು. ಮನೆ ಅದನ್ನು ಕೇಳುವುದು ಕೊನೆಗೆ. ಸೌಧಕ್ಕೆ ಹೆಸರು ಕೊಟ್ಟ ಸುಧೆಯು ಕಟ್ಟಕಡೆಗೆ ಬರುವುದಾದರೂ, ಅದು ನಿಲ್ಲುವುದು ಅದಕ್ಕಿಂತ ಮೊದಲು ನಡೆದ ಕೆಲಸದ ಬಲದಿಂದಲೇ.