ಭಿಕ್ಷಕ್ಕೆ ಹೋದೋನ ಕೈಲಿ ಕತ್ತಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಟ್ಟುವಾಗ ಕೆಲಸವನ್ನು ಎರಡು ಪ್ಯಾಕೇಜ್ ಮಾಡಿದ್ದರು. ಒಂದು ಬೆಂಗಳೂರಿಂದ ನಿಡಘಟ್ಟದವರೆಗೆ, ಇನ್ನೊಂದು ನಿಡಘಟ್ಟದಿಂದ ಮೈಸೂರಿನವರೆಗೆ. ಸುಮಾರು 118 ಕಿಲೋಮೀಟರಿನ ಈ ರಸ್ತೆ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ನನ್ನ ಸಹೋದ್ಯೋಗಿಗಳಿಗೆ ನಿಡಘಟ್ಟ ಅನ್ನೋ ಹೆಸರು ಗೊತ್ತಾಗಿದ್ದೇ ಈ ಟೆಂಡರ್ ಸುದ್ದಿಗಳಿಂದ. ಮದ್ದೂರು ವಡೆಗೆ ಇನ್ನೆಷ್ಟು ದೂರ ಅಂತ ಕೇಳೋ ಹೊತ್ತಿಗೆ ಊರು ಹಿಂದೆ ಸರಿದಿರುತ್ತೆ.

ನಮ್ಮ ಕಡೆ ಮಾತ್ರ ಆ ಹೆಸರು ರಸ್ತೆಗಿಂತ ತುಂಬಾ ಹಳೇದು. ನೀಲಗಾರರು ರಾತ್ರಿಯಿಡೀ ತಂಬೂರಿ ಹಿಡಿದು ಹಾಡೋ ಮಂಟೇಸ್ವಾಮಿ ಕಾವ್ಯದಲ್ಲಿ ನಿಡಘಟ್ಟ ಬರುತ್ತೆ. ಅಲ್ಲಿ ಕುಲುಮೆ ಕೆಲಸದ ಬಸವಾಚಾರಿ, ಮುದ್ದಮ್ಮ ಅಂತ ದಂಪತಿ. ಅವರ ಮಗ ಕೆಂಪಾಚಾರಿ. ಆ ಹುಡುಗನೇ ಮುಂದೆ ಘನನೀಲಿ ಸಿದ್ದಪ್ಪಾಜಿ ಆಗ್ತಾನೆ.

ಈ ಕಥೆಯನ್ನು ನಾನು ಮತ್ತೆ ಹಿಡಿದಿದ್ದು ಭಕ್ತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತೆ. ನಾವು ನಾಲ್ಕು ಜನ ಗೆಳೆಯರು ಶನಿವಾರ ಭಾನುವಾರ ಕೂತು ಒಂದು ಸಣ್ಣ ಗೇಮ್ ಮಾಡ್ತಿದ್ವಿ. ಎಲ್ಲಾ ಗೇಮಲ್ಲೂ ಯುರೋಪಿನ ಕೋಟೆ, ಡ್ರ್ಯಾಗನ್, ಜಪಾನಿನ ಕತ್ತಿ ಇರುತ್ತೆ, ನಮ್ಮ ಕಡೆಯ ಕಥೆ ಯಾಕಾಗಬಾರದು ಅನ್ನೋದು ಐಡಿಯಾ. ಕಮ್ಮಾರನ ಮಗ ನಾಯಕ. ಅವನಿಗೊಂದು ಆಯುಧ ಬೇಕು. ನಾನು ಮೂರು ವಾರ ಕೂತು ನೀಲಿ ಬೆಂಕಿ ಉಗುಳೋ ಒಂದು ಕತ್ತಿ ಮಾಡಿದೆ. ಹಿಡಿಯ ಮೇಲೆ ಸುತ್ತಿಗೆಯ ಚಿತ್ರ, ಅಲಗಿನ ಮೇಲೆ ಹರಿಯೋ ನೀರಿನಂಥ ಗೆರೆ. ಕಮ್ಮಾರನ ಮಗ, ಅದಕ್ಕೆ ಕತ್ತಿ. ಘನನೀಲಿ, ಅದಕ್ಕೆ ನೀಲಿ ಬೆಂಕಿ. ಪಾತ್ರಕ್ಕೆ ತಕ್ಕ ಆಯುಧ ಅಂತ ಖುಷಿಯಾಗಿದ್ದೆ.

ಊರಿಗೆ ಹೋದಾಗ ಲ್ಯಾಪ್‌ಟಾಪಲ್ಲಿ ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡ್ಕೊಂಡು ನೋಡಿ, "ಇವ್ನ್ಯಾರ್ಲಾ?" ಅಂದ್ರು. ಸಿದ್ದಪ್ಪಾಜಿ ಥರ ಅಂದೆ. "ಭಿಕ್ಷಕ್ಕೆ ಹೋದೋನ ಕೈಲಿ ಕತ್ತಿ ಯಾಕ್ಲಾ ಮಗ?" ಅಂತ ಕೇಳಿ ಎದ್ದು ಹೋದರು. ದನಕ್ಕೆ ನೀರಿಡೋ ಹೊತ್ತಾಗಿತ್ತು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ನಮ್ಮ ಸೀಮೆಯಲ್ಲಿ ಯಾರ್ಯಾರ ಕೈಗೆ ಏನೇನು ಕೊಟ್ಟಿದ್ದಾರೆ ಅಂತ ನೋಡೋಕೆ ಶುರು ಮಾಡಿದೆ.

ಮೊದಲು ನೆನಪಾಗಿದ್ದು ಊರಿನ ಕುರುಕ್ಷೇತ್ರ ನಾಟಕ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಹಬ್ಬಕ್ಕೆ ಕುರುಕ್ಷೇತ್ರ ನೋಡದೋರು ಯಾರಿದ್ದಾರೆ? ಡ್ರಾಮಾ ಸೀನರಿಯವರು ಬಾಡಿಗೆಗೆ ಕೊಡೋ ಪೆಟ್ಟಿಗೆಯಲ್ಲಿ ಭೀಮನ ಗದೆ, ದುರ್ಯೋಧನನ ಗದೆ ಎರಡೂ ಒಂದೇ ಥರ ಇರ್ತಿದ್ದವು. ಬಡತನದ ಲೆಕ್ಕ ಅಂತ ಆಗ ನಗ್ತಿದ್ವಿ. ಯೋಚನೆ ಮಾಡಿದರೆ ಅದು ಸರಿಯೇ. ಇಬ್ಬರೂ ಬಲರಾಮನ ಹತ್ತಿರವೇ ಗದೆ ಕಲಿತವರು. ಒಂದೇ ಗುರು, ಒಂದೇ ವಿದ್ಯೆ, ಒಂದೇ ಥರದ ಗದೆ. ವ್ಯತ್ಯಾಸ ಕಾಣೋದು ಹೆಗಲ ಮೇಲೆ ಇಟ್ಕೊಂಡು ಬರೋ ಗತ್ತಲ್ಲಿ.

ಇನ್ನೊಂದು ಉದಾಹರಣೆ ಕಲ್ಲಿನ ಮೇಲಿದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಕ್ರಿ.ಶ. 949–50ರದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ವೀರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಒಂದು ನಾಯಿಯನ್ನ. ಊರು, ಹೊನ್ನು, ಖಡ್ಗ ಏನನ್ನಾದರೂ ಕೇಳಬಹುದಿತ್ತು. ಆಮೇಲೆ ಆ ನಾಯಿ ಕಾಡುಹಂದಿ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ಕಲ್ಲಲ್ಲಿ ನಾಯಿ ಹಂದಿ ಎದುರುಬದುರಾಗಿ ಕಾದಾಡೋ ಚಿತ್ರ ಇದೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕ್ ಕಡೆ ಹೋದಾಗ ನೋಡಿ ಬನ್ನಿ. ಮಣಲೇರ ಯಾವ ಕತ್ತಿ ಹಿಡಿದಿದ್ದ ಅಂತ ಯಾರಿಗೂ ನೆನಪಿಲ್ಲ. ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ.

ಆಯುಧವನ್ನು ಪಾತ್ರಕ್ಕೆ ತಕ್ಕಂತೆ ಮಾಡೋದರಲ್ಲಿ ನಮ್ಮ ಜಿಲ್ಲೆಯ ಅತಿ ದೊಡ್ಡ ಹೆಸರು ಟಿಪ್ಪು ಸುಲ್ತಾನ್. ಶ್ರೀರಂಗಪಟ್ಟಣದಲ್ಲಿ ಅವನಿಗೋಸ್ಕರ ತಯಾರಾದ ಕತ್ತಿ, ಬಂದೂಕು, ತೋಪುಗಳ ಮೇಲೆಲ್ಲಾ ಹುಲಿಯ ತಲೆ ಇಲ್ಲಾ ಹುಲಿಪಟ್ಟೆ. ಸೈನಿಕರ ಬಟ್ಟೆ ಮೇಲೂ ಅದೇ ಪಟ್ಟೆ. ಸಿಂಹಾಸನದಲ್ಲೂ ಹುಲಿ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಬ್ರ್ಯಾಂಡಿಂಗ್. 1799ರಲ್ಲಿ ಅವನು ಸತ್ತ ಮೇಲೆ ಇವೆಲ್ಲಾ ಲೂಟಿಯಾಗಿ ಹಂಚಿಹೋದವು. ಅವನ ಮಲಗೋ ಕೋಣೆಯಲ್ಲಿದ್ದದ್ದು ಅನ್ನೋ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಆ ಬೆಲೆ ಬಂದದ್ದು ಹಿಡಿದವನ ಹೆಸರಿಗೆ. ಅದನ್ನು ಬಡಿದು ಮಾಡಿದ ಕೈ ಯಾರದು ಅಂತ ಹರಾಜಿನ ಸುದ್ದಿಯಲ್ಲಿ ನಾನಂತೂ ಓದಲಿಲ್ಲ.

ಆ ಕೈಗಳು ಕಮ್ಮಿಯವಲ್ಲ. 1795ರಲ್ಲಿ ಜಾರ್ಜ್ ಪಿಯರ್ಸನ್ ಅನ್ನೋ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕೊಟ್ಟ. ಭಾರತದಿಂದ ಬಂದ 'ವೂಟ್ಜ್' ಅನ್ನೋ ಉಕ್ಕಿನ ಬಗ್ಗೆ. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಮುಂದೆ ಮೈಕೆಲ್ ಫ್ಯಾರಡೇ ಕೂಡ ಈ ಉಕ್ಕಿನ ಮೇಲೆ ಪ್ರಯೋಗ ಮಾಡಿದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿ ಇಲ್ಲಿ ಕಬ್ಬಿಣ, ಉಕ್ಕು ಹೇಗೆ ಮಾಡ್ತಾರೆ ಅಂತ ಬರೆದಿಟ್ಟ. ಹಳ್ಳದ ಕಪ್ಪು ಮರಳನ್ನು ತೊಳೆದು ಅದಿರು ತೆಗೆಯೋದು, ಇದ್ದಿಲು ಹಾಕಿ ತಿದಿ ಒತ್ತಿ ಕರಗಿಸೋದು. ಉಕ್ಕಿಗಾದರೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಟ್ಟಿಗೆ ಚೂರು ಹಾಕಿ, ಬಾಯಿ ಮುಚ್ಚಿ ಕಾಯಿಸೋದು. ನಮ್ಮ ಬೇಲಿ ಸಾಲಲ್ಲಿ ಹಳದಿ ಹೂ ಬಿಡೋ ಅದೇ ತಂಗಡಿ. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿದು ಅದು ಉಕ್ಕಾಗುತ್ತೆ. ಇಂಥ ಉಕ್ಕಿನ ಅಲಗಿನ ಮೇಲೆ ಮೂಡೋ ನೀರಿನ ಗೆರೆಗೇ ಜಗತ್ತು ಡಮಾಸ್ಕಸ್ ಕತ್ತಿ ಅಂತ ಕರೆದದ್ದು. ನಾನು ನನ್ನ ಕತ್ತಿಯ ಮೇಲೆ ಬಿಡಿಸಿದ್ದ ಗೆರೆ ಕೂಡ ಅದೇ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಯಾವುದೋ ಅಮೆರಿಕನ್ ಗೇಮ್ ನೋಡಿ ಬಿಡಿಸಿದ್ದೆ.

ಈಗ ಕೆಂಪಾಚಾರಿ ಹತ್ತಿರ ಬರೋಣ. ಇದು ಬಾಯಿಂದ ಬಾಯಿಗೆ ಬಂದ ಕಾವ್ಯ, ಹಾಡೋರು ಬದಲಾದರೆ ವಿವರವೂ ಬದಲಾಗುತ್ತೆ. ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಅಂಥವರು ದುಡಿದಿದ್ದರಿಂದ ಓದೋಕೂ ಸಿಗುತ್ತೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ನಮ್ಮ ಕಡೆ ಕೇಳದ ಮನೆ ಇರಲಿಲ್ಲ. ಕಥೆಯ ಎಲುಬು ಹೀಗಿದೆ. ಮಂಟೇಸ್ವಾಮಿ ನಿಡಘಟ್ಟಕ್ಕೆ ಬಂದು ಕೆಂಪಾಚಾರಿಯನ್ನ ಶಿಶುಮಗನಾಗಿ ಕೊಡಿ ಅಂತ ಕೇಳ್ತಾರೆ. ಹೆತ್ತವರು ಒಪ್ಪಲ್ಲ. ಯಾರು ಒಪ್ತಾರೆ? ಮನೆಗೆ ಕಷ್ಟದ ಮೇಲೆ ಕಷ್ಟ ಬರುತ್ತೆ. ಕೊನೆಗೆ ಹುಡುಗ ಕುಲುಮೆ ಬಿಟ್ಟು ಗುರುವಿನ ಹಿಂದೆ ಹೋಗ್ತಾನೆ. ಆಮೇಲೆ ಗುರು ಅವನಿಗೆ ಒಂದು ಕೆಲಸ ಹೇಳ್ತಾರೆ. ಮಳವಳ್ಳಿ ಸೀಮೆಯ ಹಲಗೂರಿಗೆ ಹೋಗಿ ಅಲ್ಲಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತಾ ಅಂತ.

ಇಲ್ಲಿ ಸ್ವಲ್ಪ ನಿಂತು ನೋಡಿ. ಕಬ್ಬಿಣ ಬಡಿಯೋ ಮನೆಯಲ್ಲಿ ಹುಟ್ಟಿದ ಹುಡುಗ, ತನ್ನದೇ ಕುಲದವರ ಕುಲುಮೆ ಮುಂದೆ, ತನಗೆ ಹುಟ್ಟಿನಿಂದ ಬಂದಿದ್ದ ಕಬ್ಬಿಣವನ್ನೇ ಬೇಡಬೇಕು. ಅವನ ಕೈಲಿ ಇರೋದು ಜೋಳಿಗೆ. ಹಲಗೂರಿನವರು ಕೊಡಲ್ಲ, ಅವಮಾನ ಮಾಡ್ತಾರೆ, ವಿಷ ಇಡ್ತಾರೆ. ಅವನು ವಿಷವನ್ನೂ ಅರಗಿಸ್ಕೊಂಡು ಒಂದೊಂದೇ ಪವಾಡ ಗೆಲ್ತಾನೆ. ಅಂಥ ಹುಡುಗನ ಕೈಗೆ ನಾನು ಕತ್ತಿ ಕೊಟ್ಟಿದ್ದೆ. ಕತ್ತಿ ಇದ್ದಿದ್ರೆ ಬೇಡೋ ಅಗತ್ಯ ಏನಿತ್ತು? ಹಲಗೂರಿನ ಸಾಲು ಅಲ್ಲಿಗೇ ಮುಗೀತಿತ್ತು. ಅಜ್ಜಿ ಆರು ಪದದಲ್ಲಿ ಹೇಳಿದ್ದು ಇದನ್ನೇ.

ಪಕ್ಕದ ಮಲೆಯ ಮಾದೇಶ್ವರನ ಕಾವ್ಯದಲ್ಲೂ ಇಂಥದ್ದೇ ಲೆಕ್ಕ ಇದೆ. ದೇವತೆಗಳನ್ನೇ ಸೆರೆ ಹಿಡಿದ ಶ್ರವಣ ದೊರೆಯನ್ನ ಮಾದಪ್ಪ ಬಾಣದಿಂದ ಹೊಡೆಯಲ್ಲ. ಹರಳಯ್ಯನ ಕೈಲಿ ಪಾದುಕೆ ಹೊಲಿಸ್ತಾನೆ. ಆಸೆಬುರುಕ ದೊರೆ ಅದನ್ನು ಮೆಟ್ಟಿ ಸುಟ್ಟು ಹೋಗ್ತಾನೆ. ದೊರೆಯನ್ನು ಕೊಂದದ್ದು ಅವನು ಮುಟ್ಟಿಸ್ಕೊಳ್ಳದ ಜನ ಮಾಡಿದ ಕೆರ. ಟಿಪ್ಪುವಿನ ಕತ್ತಿ ನೋಡಿದರೆ ಒಡೆಯ ಯಾರು ಅಂತ ಗೊತ್ತಾಗುತ್ತೆ. ಈ ಪದಗಳಲ್ಲಿ ಬರೋ ವಸ್ತು ನೋಡಿದರೆ ಮಾಡಿದೋರು ಯಾರು ಅಂತ ಗೊತ್ತಾಗುತ್ತೆ. ನೀಲಗಾರರು, ದೇವರಗುಡ್ಡರು ತಲೆಮಾರುಗಳಿಂದ ಈ ಹೆಸರುಗಳನ್ನ ಬಾಯಲ್ಲಿ ಉಳಿಸ್ಕೊಂಡು ಬಂದಿದ್ದಾರೆ. ಅವರಲ್ಲಿ ಅನೇಕರು ಊರ ಆಚೆ ಇಟ್ಟ ಕೇರಿಗಳವರು, ಬಡವರು. ಮಾಡಿದವರನ್ನು ಮರೆಯದೇ ಇರೋಕೆ ಅವರಿಗೆ ಕಾರಣ ಇತ್ತು.

ನಮ್ಮೂರಲ್ಲೂ ಒಂದು ಕುಲುಮೆ ಇತ್ತು. ಮಳೆಗೆ ಮುಂಚೆ ಕುಳ ತಟ್ಟಿಸೋಕೆ, ಸುಗ್ಗಿಗೆ ಮುಂಚೆ ಕುಡ್ಲು ಕಕ್ಕು ಹಾಕಿಸೋಕೆ ಅಪ್ಪ ನನ್ನನ್ನ ಕಳಿಸ್ತಿದ್ದರು. ಕಾಸು ಕೊಡ್ತಿರಲಿಲ್ಲ, ಸುಗ್ಗೀಲಿ ರಾಗಿ ಅಳೆದು ಕೊಡೋದು. ಮಳೆ ಕೈಕೊಟ್ಟ ವರ್ಷ ಅದೂ ಬಾಕಿ. ಆಚಾರ್ರು ಕಣಕ್ಕೆ ಬಂದು ಮೊರ ಹಿಡಿದು ನಿಂತ್ಕೋತಿದ್ದರು. ಮಾಡಿದ ಕೆಲಸಕ್ಕೆ ಬರಬೇಕಾದ ಕೂಲಿ ಅದು. ನಾವು ಮಾತ್ರ ಕೈಯೆತ್ತಿ ದಾನ ಕೊಟ್ಟ ಹಾಗೆ ಅಳೀತಿದ್ವಿ. ಅವರ ಮಗ ನನ್ನ ಕ್ಲಾಸ್‌ಮೇಟ್, ತಿದಿ ಒತ್ತೋಕೆ ಅಂತ ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟ. ನಾನು ಬಿ.ಇ. ಮಾಡಿದೆ. ಈಗ ಅವನು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಡೆಸ್ತಾನೆ, ಕುಲುಮೆ ಜಾಗದಲ್ಲಿ ತಿಪ್ಪೆ ಇದೆ. ಇಷ್ಟು ಗೊತ್ತಿದ್ದೂ ನನ್ನ ಕಮ್ಮಾರನ ಮಗನಿಗೆ ನಾನು ಅಮೆರಿಕದಿಂದ ಕತ್ತಿ ತಂದಿದ್ದೆ.

ಹಲಗೂರಿನ ಪಾಂಚಾಳರ ಸಿರಿ ಸಿದ್ದಪ್ಪಾಜಿಯ ಮುಂದೆ ಮಣಿಯಿತು ಅಂತ ಪದ ಹೇಳುತ್ತೆ. ಮೈಸೂರು ಸೀಮೆಯ ಕುಲುಮೆಗಳು ನಿಜವಾಗಿ ಆರಿದ ಕಥೆಯಲ್ಲಿ ಪವಾಡ ಇಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂತು. ಇದ್ದಿಲಿಗೆ ಬೇಕಾದ ಕಾಡು ಸರ್ಕಾರದ್ದಾಯಿತು. ಅದಿರು ಕರಗಿಸೋ ವಿದ್ಯೆ ಸತ್ತು, ಬಂದ ಕಬ್ಬಿಣವನ್ನು ಬಡಿಯೋ ಕೆಲಸ ಅಷ್ಟೇ ಉಳೀತು. 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾಗೋ ಹೊತ್ತಿಗೆ ಮೂಸೆಯ ಉಕ್ಕು ಪುಸ್ತಕದ ವಿಷಯ ಆಗಿಬಿಟ್ಟಿತ್ತು.

ಇಷ್ಟೆಲ್ಲಾ ಓದಿದ ಮೇಲೆ ಗೆಳೆಯರಲ್ಲೊಬ್ಬ, ಹಾಗಾದ್ರೆ ಕಂಡಾಯ ಕೊಡೋಣ ಅಂದ. ಕಂಡಾಯ ಅಂದ್ರೆ ಮಂಟೇಸ್ವಾಮಿ ಪರಂಪರೆಯ ಪೂಜೆಯ ಕುರುಹು. ಲೋಹದ್ದು. ಹೂವು ಸುತ್ತಿ, ಹೊತ್ತು ಮೆರವಣಿಗೆ ಮಾಡ್ತಾರೆ. ಹಳಗನ್ನಡದಲ್ಲಿ ಖಂಡೆಯ ಅಂದ್ರೆ ಕತ್ತಿ, ಎರಡು ಪದಗಳ ನೆಂಟಸ್ತನ ಕಿವಿಗೇ ಗೊತ್ತಾಗುತ್ತೆ. ಕತ್ತಿಯ ಹೆಸರಿದ್ದೂ ಯಾರನ್ನೂ ಕಡಿಯದ ವಸ್ತು. ಡಿಸೈನ್ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೇದು ಸಿಗಲ್ಲ. ಆದರೂ ಬೇಡ ಅಂದೆ. ಮಂಟೇಸ್ವಾಮಿಯ ಗದ್ದುಗೆ ಇರೋ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ, ರಾಚಪ್ಪಾಜಿಯ ಕಪ್ಪಡಿಯಲ್ಲಿ, ಸಿದ್ದಪ್ಪಾಜಿಯ ಚಿಕ್ಕಲ್ಲೂರಲ್ಲಿ ಜನ ಇವತ್ತಿಗೂ ಅದರ ಮುಂದೆ ಕೈಮುಗಿದು ನಿಲ್ತಾರೆ. ಚಿಕ್ಕಲ್ಲೂರಲ್ಲಿ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲ ಹಚ್ಚಿ ಜಾತ್ರೆ ಶುರುವಾದರೆ ಐದು ದಿನ ಗಾಡಿ, ಟ್ರ್ಯಾಕ್ಟರ್ ಕಟ್ಕೊಂಡು ಬರ್ತಾರೆ. ಚಂದ್ರಮಂಡಲದ ಉರಿ ಯಾವ ದಿಕ್ಕಿಗೆ ಹೆಚ್ಚು ಹೋಯ್ತು ಅಂತ ನೋಡಿ ಆ ಕಡೆ ಬೆಳೆ ಚೆನ್ನಾಗಾಗುತ್ತೆ ಅಂತ ನಂಬ್ತಾರೆ. ಅಂಥ ಕಡೆಯಿಂದ ಎತ್ತಿ ತಂದು ಐವತ್ತು ನಾಣ್ಯಕ್ಕೆ ಕೊಳ್ಳೋ ಐಟಂ ಮಾಡೋಕೆ ನನಗೆ ಮನಸ್ಸಾಗಲಿಲ್ಲ. ನಾಯಕನ ಹೆಸರನ್ನೂ ಬದಲಾಯಿಸಿದ್ವಿ.

ಕೊನೆಗೆ ಉಳಿದಿದ್ದು ಜೋಳಿಗೆ. ಅದರಲ್ಲಿ ಕಬ್ಬಿಣ ಬಿದ್ದಷ್ಟೂ ನಾಯಕನ ನಡಿಗೆ ನಿಧಾನ ಆಗಬೇಕು ಅಂತ ಕೋಡ್ ಬರೆದೆ. ಪ್ರತಿ ಕುಲುಮೆ ಮುಂದೆ ನಿಂತು ಕೇಳಬೇಕು. ಕೆಲವರು ಕೊಡ್ತಾರೆ, ಕೆಲವರು ಅಟ್ಟುತ್ತಾರೆ. ಹೊಡೆಯೋ ಬಟನ್ ತೆಗೆದುಹಾಕಿದ್ವಿ. ಟೆಸ್ಟ್ ಮಾಡಿದ ಇಬ್ಬರು ಬೋರ್ ಅಂದ್ರು, ಒಬ್ಬ ಮಾತ್ರ ಮೂರು ಸಲ ಆಡಿದ.

ಹೋದ ತಿಂಗಳು ಪೀಣ್ಯದ ಗೆಳೆಯನಿಗೂ ಫೋನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಆಡಿ, "ತಿದಿ ಒತ್ತೋ ಶಬ್ದ ಹಿಂಗಿರಲ್ಲ ಕಣೋ, ಎರಡು ಉಸಿರು ಬರ್ಬೇಕು, ಒಳಕ್ಕೊಂದು ಹೊರಕ್ಕೊಂದು" ಅಂದ. ಬಾಯಲ್ಲೇ ಮಾಡಿ ತೋರಿಸಿದ. ಅದನ್ನ ರೆಕಾರ್ಡ್ ಮಾಡ್ಕೊಂಡೆ. ಈಗ ಗೇಮಲ್ಲಿ ಇರೋದು ಅವನ ಉಸಿರೇ.